ಕಾಣೆಯಾದ ಒಂದು ಗೇಣು ನೀರು

ಸೊಣ್ಣೇಗೌಡ ಮೇಷ್ಟ್ರು ತಮ್ಮ ಹೊಸ ಯಂತ್ರಕ್ಕೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದಾಗ, ದೊಡ್ಡಗುಟ್ಟೆ ಕೆರೆಯ ಏರಿಯ ಮೇಲೆ ಸೇರಿದ್ದ ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ನೋಡುವುದಕ್ಕೆ ಹಳೆಯ ಟ್ರಂಕಿನ ಹಾಗಿತ್ತು. ನಿಜ ಹೇಳಬೇಕೆಂದರೆ ಅದು ಹಳೆಯ ಟ್ರಂಕೇ. ಮೇಷ್ಟ್ರ ಹೆಂಡತಿ ಕಮಲಾಕ್ಷಮ್ಮ ತವರಿನಿಂದ ತಂದದ್ದು. ಅದರೊಳಗಿದ್ದ ಸೀರೆಗಳು ಎಲ್ಲಿ ಹೋದವು ಎಂದು ಆಕೆ ಎರಡು ತಿಂಗಳಿಂದ ಕೇಳುತ್ತಲೇ ಇದ್ದರು. ಈಗ ಅದರ ನೆತ್ತಿಯ ಮೇಲೆ ಸೋಲಾರ್ ಹಲಗೆ, ಪಕ್ಕದಲ್ಲಿ ಮದುವೆ ಮನೆಗೆ ಕಟ್ಟುವಂಥ ಮೈಕಿನ ಹಾರ್ನು, ಹೊಟ್ಟೆಯಲ್ಲಿ ಕಂಡಕ್ಟರರ ಟಿಕೆಟ್ ಯಂತ್ರ, ತಳದಲ್ಲಿ ನೀರು ನೋಡುವ ಒಂದು ಗಾಜಿನ ಕಣ್ಣು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗುವ ಕೋಡಿಯ ಕಲ್ಲಿನ ಮೇಲೆ, ಕಣ್ಣು ಕೆರೆಯ ಕಡೆ ಚಾಚಿಕೊಂಡಿರುವಂತೆ, ಅದನ್ನು ಕೂರಿಸಿದ್ದರು.

"ಇದರ ಹೆಸರು ತಾಳೆಪೆಟ್ಟಿಗೆ," ಎಂದರು ಮೇಷ್ಟ್ರು.

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಮನುಷ್ಯ. ಕಂಪ್ಯೂಟರು ಕೊಟ್ಟ ಉತ್ತರವನ್ನು ಕಣ್ಣು ಮುಚ್ಚಿ ನಂಬುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಂದು ಬೈಯುತ್ತಿದ್ದರು. ಆದ್ದರಿಂದ ಅವರ ಪೆಟ್ಟಿಗೆ ಕೆರೆಗೆ ಎಷ್ಟು ನೀರು ಬರುತ್ತದೆ ಎಂದು ಲೆಕ್ಕ ಹಾಕುವುದು ಮಾತ್ರವಲ್ಲ, ತನ್ನ ಲೆಕ್ಕವನ್ನು ತಾನೇ ಮೂರು ಸಲ ತಾಳೆ ನೋಡಿಕೊಳ್ಳುತ್ತಿತ್ತು. ಮೊದಲು ದಿನಕ್ಕೊಂದು ಹೆಜ್ಜೆಯಂತೆ ಲೆಕ್ಕ, ಆಮೇಲೆ ಅರ್ಧ ದಿನಕ್ಕೊಂದು, ಆಮೇಲೆ ಕಾಲು ದಿನಕ್ಕೊಂದು. ಹೆಜ್ಜೆ ಎಷ್ಟು ಸಣ್ಣದಾದರೂ ಉತ್ತರ ಅಲ್ಲಾಡದಿದ್ದರೆ ಅದು ಮೊದಲನೇ ತಾಳೆ. ಅದೇ ಲೆಕ್ಕವನ್ನು ಬೇರೆಯದೇ ದಾರಿಯಲ್ಲಿ ಮಾಡಿದರೂ ಅದೇ ಉತ್ತರ ಬಂದರೆ ಎರಡನೆಯದು. ಕಾಗದದ ಲೆಕ್ಕ ಕೆರೆಯ ನೀರಿಗೂ ಒಪ್ಪಿದರೆ ಮೂರನೆಯದು. ಮೂರೂ ಆಗದೆ ಈ ಪೆಟ್ಟಿಗೆ ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸುವುದಿಲ್ಲ ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿಕೊಂಡರು. ಆರಿಸುವ ಗುಂಡಿಯೂ ಹಾಗೆಯೇ. ಒತ್ತಿದ್ದು ನಿಜವೋ ಸುಳ್ಳೋ ಎಂದು ಮೂರು ತಾಳೆ ನೋಡಿಯೇ ಆರುವುದು.

ಜನರ ಹಿಂದೆ, ಹುಣಸೆಮರದ ಬುಡದಲ್ಲಿ, ಕೋಲು ಹಿಡಿದು ನಿಂತಿದ್ದವಳು ದ್ಯಾವಮ್ಮ. ಅವಳು ಆ ಕೆರೆಯ ನೀರುಗಂಟಿ. ತೂಬು ತೆರೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವಳ ಮನೆತನದ ಕೆಲಸ. ಕೆರೆಯ ಆಳವನ್ನು ಅಳೆಯುವವಳೂ ಅವಳೇ. ತೂಬಿನ ಕಂಬದ ಪಕ್ಕ ನೀರಿನ ತಳಕ್ಕೆ ಮುಳುಗಿ, ಕೋಲನ್ನು ಕಂಬಕ್ಕೆ ಆನಿಸಿ, ಒಂದು ಕೋಲು ಮುಗಿದಲ್ಲಿಂದ ಇನ್ನೊಂದು ಕೋಲು ಅಳೆಯುತ್ತ ಮೇಲೆ ಬರಬೇಕು. ಬಂದು, ತಲೆ ಒರೆಸಿಕೊಂಡು, 'ಒಂದೂವರೆ ಕೋಲು' ಎಂದು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ಶುರುವಾಗಿ ಇಪ್ಪತ್ತೆರಡು ವರ್ಷ. ಮೊದಲ ಹನ್ನೊಂದು ವರ್ಷ ಅವಳಪ್ಪ ಓಬಳಪ್ಪ ಬರೆದದ್ದು, ಆಮೇಲಿನದು ಅವಳು.

ಹೆಂಗಸು ನೀರುಗಂಟಿಯಾಗುವುದೇ ಎಂದು ಆಗ ಊರು ಮೂಗಿನ ಮೇಲೆ ಬೆರಳಿಟ್ಟಿತ್ತು. ಬೆರಳು ಇನ್ನೂ ಪೂರ್ತಿ ಇಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ನೀರು ಎರಡೂವರೆ ಕೋಲು ಮುಟ್ಟಿದಾಗ, ಅಪ್ಪನ ಕಾಲದಿಂದ ಎರಡೂವರೆ ಕೋಲಿಗೇ ಕೋಡಿ ಬೀಳುವುದೆಂದು ಅವಳು ಊರಿಗೆ ಹೇಳಿಕಳಿಸಿದ್ದಳು. ತಮಟೆ ಬಂತು, ಬಾಗಿನದ ಮೊರ ಬಂತು, ಕೋಡಿ ಬೀಳಲಿಲ್ಲ. ಅವಳ ಕೈಗುಣ ಚೆನ್ನಾಗಿಲ್ಲ, ಅವಳ ಕಾಲದಲ್ಲಿ ನೀರು ಬೇಗ ಬತ್ತುತ್ತದೆ ಎಂದು ಅವತ್ತಿನಿಂದ ಒಂದು ಮಾತು ಹುಟ್ಟಿಕೊಂಡಿತ್ತು.

ಈಗ ಮೇಷ್ಟ್ರು ಆ ಪುಸ್ತಕವನ್ನೇ ಪೆಟ್ಟಿಗೆಗೆ ಉಣಿಸಿದ್ದರು. ಹಳೆಯ ಮಳೆ ಲೆಕ್ಕದಿಂದ ಅಂದಂದಿನ ನೀರಿನ ಆಳವನ್ನು ಪೆಟ್ಟಿಗೆ ತಾನೇ ಕಂಡುಹಿಡಿದು, ಪುಸ್ತಕದ ಜೊತೆ ಹೋಲಿಸಿ ಮೈಕಿನಲ್ಲಿ ಹೇಳಬೇಕು. ಕೋಲೆಂದರೆ ಐವತ್ನಾಲ್ಕು ಅಂಗುಲ, ಅಂದರೆ ಆರು ಗೇಣು ಎಂದು ಅದು ಓಬಳಪ್ಪನ ಮೊದಲ ಪುಟಗಳಿಂದಲೇ ತಿಳಿದುಕೊಂಡಿತ್ತಂತೆ.

"ತಾಳೆ," ಎಂದಿತು ಪೆಟ್ಟಿಗೆ. "ತಾಳೆ. ತಾಳೆ." ಓಬಳಪ್ಪನ ಹನ್ನೊಂದು ವರ್ಷವೂ ನೀರು ಕುಡಿದಷ್ಟು ಸಲೀಸಾಗಿ ತಾಳೆಯಾಯಿತು. ಜನ ಈಗ ಚಪ್ಪಾಳೆ ತಟ್ಟಿದರು. ದ್ಯಾವಮ್ಮನಿಗೆ ಕಣ್ಣು ತುಂಬಿತು. ಸತ್ತು ಹೋದ ಅಪ್ಪನನ್ನು ಒಂದು ಟ್ರಂಕು ಹೊಗಳುತ್ತಿದೆ ಎಂದು ಅವಳಿಗೆ ನಗುವೂ ಬಂತು.

"ತಾಳೆಯಿಲ್ಲ," ಎಂದಿತು ಪೆಟ್ಟಿಗೆ.

ಅದು ಅವಳ ಮೊದಲ ಪುಟ.

"ತಾಳೆಯಿಲ್ಲ. ಪುಸ್ತಕದಲ್ಲಿ ಹೆಚ್ಚು, ಕೆರೆಯಲ್ಲಿ ಕಡಿಮೆ. ತಾಳೆಯಿಲ್ಲ." ಮೇಷ್ಟ್ರು ಗುಂಡಿ ಒತ್ತಿದರು. ಗುಂಡಿ ಒತ್ತಿದ್ದು ತಾಳೆಯಾಗಲಿಲ್ಲ. ಮತ್ತೆ ಒತ್ತಿದರು. ಹನ್ನೊಂದು ವರ್ಷದ ಪುಟಗಳನ್ನು ಒಂದೊಂದಾಗಿ, ದಿನಾಂಕ ಸಮೇತ, ಮೂರು ಊರಿಗೆ ಕೇಳುವ ಹಾಗೆ, ಪೆಟ್ಟಿಗೆ ಸುಳ್ಳೆಂದು ಸಾರುತ್ತ ಹೋಯಿತು. ಕಮಲಾಕ್ಷಮ್ಮ ಹಾರ್ನಿನ ಬಾಯಿಗೆ ತಮ್ಮ ಸೆರಗು ತುರುಕಿದರು. ದನಿ ಮೂಗಿನಲ್ಲಿ ಮಾತಾಡಿದ ಹಾಗಾಯಿತೇ ಹೊರತು ನಿಲ್ಲಲಿಲ್ಲ. ದ್ಯಾವಮ್ಮ ಪ್ರತಿಯೊಂದು ಪುಟವನ್ನೂ ನಿಂತು ಕೇಳಿಸಿಕೊಂಡಳು. ಓಡಿಹೋದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತದೆಂದು ಅವಳಿಗೆ ಗೊತ್ತಿತ್ತು.

ಟಿಕೆಟ್ ಯಂತ್ರ ಕೊನೆಗೆ ಒಂದು ಚೀಟಿ ಹೊರಗೆ ಕಕ್ಕಿತು. ಕೆರೆ ಸಂಘದ ಅಧ್ಯಕ್ಷ ಬೈರಾರೆಡ್ಡಿ ಅದನ್ನು ಕಿತ್ತು ಓದಿದರು. ದ್ಯಾವಮ್ಮ ಬರೆದ ಪ್ರತಿ ಅಳತೆಯಲ್ಲೂ ಆರರಲ್ಲಿ ಒಂದು ಪಾಲು ನೀರು ಇಲ್ಲ ಎಂದಿತ್ತು. ಕೋಲಿಗೆ ಒಂದು ಗೇಣು.

"ಈ ಗೇಣು ನೀರು ಎಲ್ಲಿಗೋಯ್ತು ದ್ಯಾವಮ್ಮ? ಯಾರ ತೋಟಕ್ಕೆ ಬಿಟ್ಟೆ?" ಎಂದರು ಬೈರಾರೆಡ್ಡಿ.

"ನೀರಿಗಿಳ್ದು ಕಂಡಿದ್ದನ್ನ ಬರ್ದಿದ್ದೀನಿ ಸಾಮಿ. ಕಾಣ್ದೇ ಇರೋದು ಒಂದಕ್ಷರ ಬರ್ದಿಲ್ಲ."

ಬೈರಾರೆಡ್ಡಿ ಕೆಟ್ಟವರೇನಲ್ಲ, ಆದರೆ ಮೂರು ಸಲ ತಾಳೆ ನೋಡಿದ ಪೆಟ್ಟಿಗೆಯ ಎದುರು ಒಂದು ಹೆಂಗಸಿನ ಮಾತು ಅವರಿಗೆ ಹಗುರವಾಗಿ ಕಂಡಿತು. ತೂಬಿನ ಕೊಠಡಿಯ ಬೀಗದ ಕೈ ತೆಗೆದುಕೊಂಡರು. ಕೋಡಿ ಬೀಳುವ ದಿನ ಸಭೆ, ಅಂದು ಕೋಲನ್ನೂ ಒಪ್ಪಿಸಬೇಕಾಗಬಹುದು ಎಂದರು. ಏಳು ತಲೆಮಾರು ಕೈಯಿಂದ ಕೈಗೆ ಬಂದ ಕೆಲಸ ತನ್ನ ಕೈಯಲ್ಲಿ, ಅದೂ ಕಳ್ಳಿ ಎಂಬ ಹೆಸರು ಹೊತ್ತು ಮುಗಿಯುತ್ತದೆಯಲ್ಲ ಎಂದು ದ್ಯಾವಮ್ಮ ಮನೆಗೆ ಹೋಗಿ, ಅಗುಳಿ ಹಾಕಿಕೊಂಡು, ಹೊಟ್ಟೆ ತುಂಬ ಅತ್ತಳು.

ಇತ್ತ ಮೇಷ್ಟ್ರಿಗೆ ಬೇರೆ ಪೇಚಾಟ. ಮೂರನೇ ತಾಳೆ ಆಗದ್ದರಿಂದ ಪೆಟ್ಟಿಗೆ ಮುಷ್ಕರ ಹೂಡಿತ್ತು. ತೂಬಿಗೆ ಅವರು ಮೋಟರು ಕೂರಿಸಿದ್ದರು. ಪೆಟ್ಟಿಗೆ ಅದನ್ನು ಮುಟ್ಟಲೊಲ್ಲದು. ಕೆಳಗಿನ ಗದ್ದೆಯವರು ನೀರಿಲ್ಲ ಎಂದು ಬಾಗಿಲಿಗೆ ಬಂದು ಕೂತರು. ಮನೆಯಲ್ಲಾದರೂ ನೆಮ್ಮದಿ ಇತ್ತೇ? ದ್ಯಾವಮ್ಮ ಸುಳ್ಳಿ ಎಂದರೆ ತಾನು ನಂಬುವುದಿಲ್ಲ, ತನ್ನ ಟ್ರಂಕಿನ ಮಾತನ್ನು ತಾನು ಕೇಳಬೇಕಾಗಿಲ್ಲ ಎಂದು ಕಮಲಾಕ್ಷಮ್ಮ ಹಟ ಹಿಡಿದರು. ಲೆಕ್ಕ ಹನ್ನೆರಡನೇ ದಶಾಂಶದವರೆಗೆ ಸರಿಯಿದೆ ಎಂದು ಮೇಷ್ಟ್ರು ಕೂಗಾಡಿದರು. ಹನ್ನೆರಡನೇ ದಶಾಂಶ ಬಂದು ಮುದ್ದೆ ತೊಳಸುತ್ತದೆಯೋ ನೋಡೋಣ ಎಂದು ಆಕೆ ಒಲೆ ಆರಿಸಿ ಪಕ್ಕದ ಮನೆಗೆ ಹೋದರು.

ಹಸಿದ ಹೊಟ್ಟೆಯಲ್ಲಿ ಮೇಷ್ಟ್ರು ಒಂದು ತಪ್ಪು ಮಾಡಿದರು. ಇಪ್ಪತ್ತೆರಡು ವರ್ಷವೂ ಆದಷ್ಟು ಒಪ್ಪುವಂಥ ಕೋಲೊಂದನ್ನು ನೀನೇ ಹುಡುಕಿಕೋ ಎಂದು ಪೆಟ್ಟಿಗೆಗೆ ಅಪ್ಪಣೆ ಕೊಟ್ಟರು. ಪೆಟ್ಟಿಗೆ ಅಪ್ಪನ ಲೆಕ್ಕಕ್ಕೂ ಮಗಳ ಲೆಕ್ಕಕ್ಕೂ ನಡುವೆ ಐದೂವರೆ ಗೇಣಿನ ಒಂದು ಕೋಲನ್ನು ಹುಡುಕಿಕೊಂಡಿತು. ಅಂಥ ಕೋಲು ಲೋಕದಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಆದರೂ ಮೂರನೇ ತಾಳೆ ಹೆಚ್ಚೂಕಡಿಮೆ ಆಯಿತು ಎಂದು ಅದಕ್ಕೆ ಸಂತೋಷವಾಗಿ, ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕೋಡಿ ಬೀಳುವುದೆಂದು ಸಾರಿಬಿಟ್ಟಿತು.

ಶನಿವಾರ ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಮುತ್ತೈದೆಯರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯ ಇಟ್ಟುಕೊಂಡು ನಿಂತರು. ಹತ್ತೂ ಇಪ್ಪತ್ತಾಯಿತು. ನೀರು ಕೋಡಿಕಲ್ಲಿಗಿಂತ ಗೇಣಿಗೂ ಹೆಚ್ಚು ಕೆಳಗೆ ತಣ್ಣಗೆ ಮಲಗಿತ್ತು.

"ಐದೂವರೆ ಗೇಣಿನ ಕೋಲಿಗೆ ಎರಡೂವರೆ ಆಗಿದೆ. ಕೋಡಿ ಬಿದ್ದಿದೆ," ಎಂದಿತು ಪೆಟ್ಟಿಗೆ. "ಏರಿಗೆ ಅಪಾಯ. ತೂಬು ತೆರೆಯಲಾಗುವುದು."

ಬೀಳದ ಕೋಡಿಯನ್ನು ನೋಡುತ್ತ ಜನ ನಿಂತಿರುವಾಗಲೇ ಮೋಟರು ಗುರ್ರೆಂದು ತೂಬಿನ ಬೆಣೆಯನ್ನು ಪೂರ್ತಿ ಮೇಲಕ್ಕೆತ್ತಿತು. ನೀರು ಭೋರ್ಗರೆದು ಕಾಲುವೆಗೆ ನುಗ್ಗಿತು. ಕೂಡಲೇ ಬೆಣೆ ಕೆಳಗಿಳಿಯಿತು. ಪೂರ್ತಿ ಒಂದು ಸಲ ತೆರೆದರೆ ಎಷ್ಟು ನೀರು ಹೋಗುತ್ತದೋ, ಅರ್ಧರ್ಧ ಎರಡು ಸಲ ತೆರೆದರೂ ಅಷ್ಟೇ ಹೋಗುತ್ತದೆಯೋ ಎಂದು ತಾಳೆ ನೋಡಬೇಕಿತ್ತಲ್ಲ! ಅರ್ಧ ಎರಡು ಸಲ ಆಯಿತು, ಕಾಲು ನಾಲ್ಕು ಸಲ ಆಯಿತು, ಅರೆಕಾಲು ಎಂಟು ಸಲ ಆಯಿತು. ಯಾವುದೂ ಒಂದಕ್ಕೊಂದು ಒಪ್ಪಲಿಲ್ಲ. ಬೆಣೆ ಒನಕೆಯ ಹಾಗೆ ದಬದಬ ಕುಟ್ಟತೊಡಗಿತು. ತೂಬಿನ ಕಲ್ಲು ನಡುಗಿತು. ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರ ಬಿಂದಿಗೆ, ಸೋಪು, ಒಬ್ಬರ ಪಂಚೆ ಎಲ್ಲ ಕಂತುಕಂತಾಗಿ ತೇಲಿ ಹೋದವು. ಬೈರಾರೆಡ್ಡಿ ಕೊಠಡಿಯ ಬೀಗ ತೆಗೆದು ಒಳಗೆ ಹೋದವರು ತಲೆಯಿಂದ ಕಾಲಿನವರೆಗೆ ತೊಯ್ದು ಹೊರಗೆ ಬಂದರು. ಹನ್ನೊಂದು ವರ್ಷದಲ್ಲಿ ಕೆರೆ ಇಷ್ಟು ತುಂಬಿದ್ದು ಇದೇ ಮೊದಲು. ಆ ನೀರು ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿತ್ತು.

ಮೇಷ್ಟ್ರು ಓಡಿದರು. ಅರವತ್ತೈದರ ವಯಸ್ಸಿನಲ್ಲಿ, ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಬಿಟ್ಟು, ದ್ಯಾವಮ್ಮನ ಮನೆಯ ಬಾಗಿಲು ಬಡಿದರು. ಅವಳು ಅಗುಳಿ ಎಳೆದು ಬಾಗಿಲು ತೆರೆದಳು. ಏದುಸಿರು ಬಿಡುತ್ತ ಒಳಗೆ ನುಗ್ಗಿದ ಮೇಷ್ಟ್ರ ಹಣೆ ಬಾಗಿಲ ಮೇಲಿನ ಅಡ್ಡಪಟ್ಟಿಗೆ ಠಪ್ಪನೆ ಬಡಿಯಿತು.

"ಬಗ್ಗಿ ಬರ್ಬಾರ್ದಾ ಮೇಷ್ಟ್ರೇ! ಅಪ್ಪನಿಗೂ ದಿನಾ ಇದೇ ಹೇಳಿ ಸಾಕಾಗಿತ್ತು," ಎಂದಳು ದ್ಯಾವಮ್ಮ, ಬೇಸರದಲ್ಲೂ ಬಾಯಿ ತಡೆಯದೆ.

ಹಣೆ ಒತ್ತಿಕೊಳ್ಳುತ್ತ ಮೇಷ್ಟ್ರು ಅವಳ ಕೈಯಲ್ಲಿದ್ದ ಅಗುಳಿಯನ್ನು ನೋಡಿದರು. ಕರಿಯ, ನುಣುಪಾದ ಕಮರ ಮರದ ತುಂಡು. ಒಂದು ತುದಿಗೆ ಹಿತ್ತಾಳೆಯ ಕಟ್ಟು. ಬಾಗಿಲಿಗೆ ಹಾಕುವ ಅಗುಳಿಗೆ ಹಿತ್ತಾಳೆ ಯಾರು ಹಾಕಿಸುತ್ತಾರೆ?

"ಇದೇನಮ್ಮ ಇದು?"

ಅಪ್ಪನ ಕೋಲಿನ ತುದಿ ಎಂದಳು ಅವಳು. ನೀರುಗಂಟಿಯ ಕೋಲು ಹಿಡಿದವರ ಎದೆಗೆ ಸಮ ಇರಬೇಕು, ಅದಕ್ಕಿಂತ ಉದ್ದವಿದ್ದರೆ ನೀರಿನಲ್ಲಿ ಆಳನ್ನೇ ಎಳೆಯುತ್ತದೆ. ಅದು ತಾತ ಮುತ್ತಾತನಿಂದ ಬಂದ ಪದ್ಧತಿ. ಅಪ್ಪ ತೆಂಗಿನಮರದಂಥ ಆಳು. ಕೆಲಸ ಅವಳಿಗೆ ಕೊಡುವ ದಿನ ಅವಳನ್ನು ಗೋಡೆಗೆ ನಿಲ್ಲಿಸಿ, ಎದೆಯ ಮಟ್ಟಕ್ಕೆ ಗುರುತು ಹಾಕಿ, ಕೋಲಿನ ತುದಿ ಕತ್ತರಿಸಿ ಕೊಟ್ಟಿದ್ದ. ಕತ್ತರಿಸಿದ್ದನ್ನು ಬಿಸಾಡಲು ಮನಸ್ಸು ಬಾರದೆ ಅವಳು ಅಗುಳಿ ಮಾಡಿಕೊಂಡಿದ್ದಳು.

ಮೇಷ್ಟ್ರು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಗೇಣು ಹಾಕಿದರು. ಐದು. ಅಗುಳಿಗೆ ಗೇಣು ಹಾಕಿದರು. ಒಂದು. ಹಾಗೇ ಗೋಡೆಗೊರಗಿ ಕೂತರು.

"ಲೆಕ್ಕ ಸರಿಯಾಗಿ ಮಾಡಿದೆಯಾ ಅಂತ ಪೆಟ್ಟಿಗೇನ ಸಾವಿರ ಸಲ ಕೇಳ್ದೆ ದ್ಯಾವಮ್ಮ," ಎಂದರು. "ಯಾವ ಕೋಲಿನ ಲೆಕ್ಕ ಅಂತ ಒಂದು ಸಲಾನೂ ಕೇಳ್ಲಿಲ್ಲ. ಸುಳ್ಳು ಬರೆಯೋಳಾಗಿದ್ರೆ ಒಂದಿನ ಹೆಚ್ಚು, ಒಂದಿನ ಕಡಿಮೆ ಬರೀತಿದ್ದೆ. ಹನ್ನೊಂದು ವರ್ಷ ಬಿಡದೆ ಆರರಲ್ಲಿ ಒಂದೇ ಪಾಲು ಅಂದಾಗಲೇ ನನಗೆ ಹೊಳೀಬೇಕಿತ್ತು. ನೀನು ಒಂದು ಸಲವೂ ತಪ್ಪು ಅಳೆದಿಲ್ಲ. ನನ್ನಿಂದ ನಿನಗೆ ದೊಡ್ಡ ಅನ್ಯಾಯ ಆಯ್ತು."

ದ್ಯಾವಮ್ಮ ಅಗುಳಿಯನ್ನು ತಿರುಗಿಸಿ ನೋಡಿದಳು. ಊರು ಕೇಳಿದ ಗೇಣು ನೀರು ಅವಳ ಕೈಯಲ್ಲೇ ಇತ್ತು; ಇಷ್ಟು ದಿನ ಅವಳ ಬಾಗಿಲು ಕಾಯುತ್ತಿತ್ತು. ಆದರೆ ಕೆರೆಯ ಕಡೆಯಿಂದ ದಬದಬ ಸದ್ದು ಕೇಳುತ್ತಲೇ ಇತ್ತು. ಅಳುವುದಕ್ಕೆ ಆಮೇಲೆ ಹೊತ್ತಿದೆ ಎಂದುಕೊಂಡು ಕೋಲು, ಅಗುಳಿ ಎರಡನ್ನೂ ತೆಗೆದುಕೊಂಡು ನಡೆದಳು.

ಯಾರನ್ನೂ ಕೇಳದೆ ನೀರಿಗಿಳಿದಳು. ಬೆಣೆ ಕೆಳಗೆ ಬರುವುದನ್ನೇ ಕಾದು, ಬಂದ ಕ್ಷಣ ಕಂಬದ ತೂತಿನಲ್ಲಿ ಅಪ್ಪನ ಗೇಣು ಕೋಲನ್ನು ತುರುಕಿ ಅಡ್ಡ ಹಾಕಿದಳು. ಮೋಟರು ಎರಡು ಸಲ ಕಿರುಚಿ, ಹೊಗೆಯಾಡಿ, ಸುಮ್ಮನಾಯಿತು. ಕಾಲುವೆಯ ನೀರು ನಿಂತಿತು. ಅವಳು ಮತ್ತೆ ಮುಳುಗಿ, ಕೋಲು ಕೋಲಾಗಿ ಅಳೆಯುತ್ತ ಮೇಲೆ ಬಂದಳು.

ಏರಿಯ ಮೇಲೆ ಮೇಷ್ಟ್ರು ಎಲ್ಲರೆದುರಿಗೆ ತಪ್ಪು ಒಪ್ಪಿಕೊಂಡರು. ಬೈರಾರೆಡ್ಡಿ ಒದ್ದೆ ಪಂಚೆ ಹಿಂಡಿಕೊಳ್ಳುತ್ತ, ಒಮ್ಮೆ ಪೆಟ್ಟಿಗೆ ನಂಬಿ ಕೆಟ್ಟೆವು, ಈಗ ಅಗುಳಿ ನಂಬಬೇಕೋ ಎಂದು ಗೊಣಗಿದರು. ಅದೂ ನ್ಯಾಯವೇ ಎನ್ನಿಸಿತು ದ್ಯಾವಮ್ಮನಿಗೆ. ಅವಳು ಬೆರಳು ಮಡಿಚಿ ಎಣಿಸಿದಳು. ಅಪ್ಪನ ಎರಡೂವರೆ ಕೋಲು ಎಂದರೆ ಹದಿನೈದು ಗೇಣು. ಹದಿನೈದು ಗೇಣು ಎಂದರೆ ತನ್ನ ಮೂರು ಕೋಲು. ಪೆಟ್ಟಿಗೆಗೆ ಇಷ್ಟು ದಿನವಾದರೂ ಬಗೆಹರಿಯದ ಲೆಕ್ಕ ಅವಳಿಗೆ ಉಗುಳು ನುಂಗುವಷ್ಟರಲ್ಲಿ ಆಯಿತು.

"ನನ್ ಕೋಲಿಗೆ ಮೂರು ಬಂದ್ರೆ ಕೋಡಿ," ಎಂದಳು. "ಈಗ ಎರಡೂಮುಕ್ಕಾಲಿಗೆ ಎರಡು ಬೆರಳು ಕಮ್ಮಿ ಐತೆ. ಮೇಲ್ಗಡೆ ಕೆರೆ ನೆನ್ನೆ ಕೋಡಿ ಬಿದ್ದೈತೆ, ಆ ನೀರು ಇಲ್ಲಿಗೆ ಬರ್ಬೇಕು. ಸೋಮವಾರ ಊಟದೊತ್ತಿಗೆ ಬೀಳ್ತದೆ. ಬೀಳ್ದಿದ್ರೆ ಕೋಲು ನಿಮ್ ಪಾದದತ್ರ ಇಟ್ಟು ಹೋಯ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ಅವಳಿಗೆ ಭಾನುವಾರವಿಡೀ ಊಟ ಸೇರಲಿಲ್ಲ. ಅಗುಳಿಯಿಲ್ಲದ ಬಾಗಿಲಿಗೆ ಒರಳುಕಲ್ಲು ಒತ್ತರಿಸಿ ಮಲಗಿದಳು.

ಸೋಮವಾರ ಮಧ್ಯಾಹ್ನ ಜನ ಮತ್ತೆ ಸೇರಿದರು. ಈ ಸಲ ಮೊರ ತಂದವರು ನಾಲ್ಕೇ ಹೆಂಗಸರು, ಅವರಲ್ಲಿ ಮುಂದೆ ನಿಂತವರು ಕಮಲಾಕ್ಷಮ್ಮ. ಪೆಟ್ಟಿಗೆ ಇನ್ನೂ ಕೋಡಿಕಲ್ಲಿನ ಮೇಲೇ ಇತ್ತು. ಎರಡು ದಿನದಿಂದ ಮೇಷ್ಟ್ರು ಅದನ್ನು ಆರಿಸಲು ಗುಂಡಿ ಒತ್ತುತ್ತಲೇ ಇದ್ದರು. ಅದು ತಾಳೆ ನೋಡುತ್ತಲೇ ಇತ್ತು. ದ್ಯಾವಮ್ಮ ಮುಳುಗಿದಳು. ಒಂದು. ಎರಡು. ಮೂರನೆಯ ಕೋಲನ್ನು ಕಂಬಕ್ಕೆ ಆನಿಸಿ ತಲೆ ಮೇಲೆತ್ತಿದಾಗ ಕೋಲಿನ ತುದಿಯೂ ನೀರೂ ಸಮ ನಿಂತಿದ್ದವು. ಅವಳು ಕೋಡಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ತಮಟೆಯವನು ಮೊದಲ ಪೆಟ್ಟು ಹಾಕಿದಾಗ ಅವಳಿಗೆ ಗೊತ್ತಾಯಿತು.

ಮೊದಲು ಕಲ್ಲು ಒದ್ದೆಯಾಯಿತು, ಆಮೇಲೆ ತೆಳ್ಳಗೆ ಒಂದು ಸೆರಗು ನೀರು ಆಚೆ ಇಳಿಯಿತು, ಆಮೇಲೆ ಮೊಣಕಾಲುದ್ದ. ಮೊರ ತಾರದವರು ಮೊರಕ್ಕೆ ಮನೆಗೆ ಓಡಿದರು. ಬೈರಾರೆಡ್ಡಿ ಬೀಗದ ಕೈಯನ್ನು ತಂದು ಅವಳ ಅಂಗೈಯಲ್ಲಿಟ್ಟು, ತಪ್ಪಾಯಿತಮ್ಮ ಎಂದರು. ಅಷ್ಟು ಜನರ ಮುಂದೆ ಅವರು ಯಾರಿಗೂ ಹಾಗೆಂದವರಲ್ಲ. ದ್ಯಾವಮ್ಮ ಪುಸ್ತಕ ತರಿಸಿ, ಮೊದಲ ಪುಟದ ನೆತ್ತಿಯಲ್ಲಿ 'ಓಬಳಪ್ಪನ ಕೋಲು ಆರು ಗೇಣು' ಎಂದೂ, ತನ್ನ ಮೊದಲ ಪುಟದಲ್ಲಿ 'ದ್ಯಾವಮ್ಮನ ಕೋಲು ಐದು ಗೇಣು' ಎಂದೂ ಮೇಷ್ಟ್ರ ಕೈಯಿಂದಲೇ ಬರೆಸಿದಳು. ಬರೆಸಿದ ಮೇಲೆ, ಶನಿವಾರ ಬಾಕಿ ಇಟ್ಟಿದ್ದ ಅಳುವನ್ನು ಅತ್ತು ಮುಗಿಸಿದಳು.

"ಅಯ್ಯೋ, ನನ್ ಟ್ರಂಕು!" ಎಂದರು ಕಮಲಾಕ್ಷಮ್ಮ.

ತುಂಬಿದ ನೀರು ತಾಳೆಪೆಟ್ಟಿಗೆಯನ್ನು ಕಲ್ಲಿನಿಂದ ಮೆಲ್ಲನೆ ಎತ್ತಿಕೊಂಡು ಕೋಡಿಯಾಚೆ ಇಳಿಸಿತ್ತು. ಹಳೆಯ ಕಾಲದ ಗಟ್ಟಿ ಟ್ರಂಕು, ಮುಳುಗಲಿಲ್ಲ. ಹಾರ್ನು ಮೇಲೆ ಮಾಡಿಕೊಂಡು, ಸುತ್ತು ತಿರುಗುತ್ತ, ಹಳ್ಳದ ಗುಂಟ ಸಾಗಿತು. ತಳದ ಗಾಜಿನ ಕಣ್ಣಿಗೆ ನೀರು ಎಷ್ಟು ಹೊತ್ತು ನೋಡಿದರೂ ಒಂದೇ ಮಟ್ಟದಲ್ಲಿ ಕಂಡಿತು. ಹೆಜ್ಜೆ ಸಣ್ಣದು ಮಾಡಿ ನೋಡಿತು, ಬೇರೆ ದಾರಿಯಲ್ಲಿ ನೋಡಿತು, ಕೆರೆಗೆ ಹೋಲಿಸಿ ನೋಡಿತು.

"ನೀರು ಒಂದು ಕೂದಲೆಳೆಯಷ್ಟೂ ಏರಿಲ್ಲ," ಎಂದು ದೂರದಿಂದ ಕೇಳಿಸಿತು. "ಮೊದಲನೇ ತಾಳೆ ಸರಿ. ಎರಡನೇ ತಾಳೆ ಸರಿ. ಮೂರನೇ ತಾಳೆ ಸರಿ."

ಅಷ್ಟರಲ್ಲಿ ಗುಂಡಿ ಒತ್ತಿದ್ದೂ ತಾಳೆಯಾಗಿರಬೇಕು, ದನಿ ನಿಂತಿತು. ಮೇಷ್ಟ್ರು ಹಣೆಯ ಬುಗುಟು ಸವರಿಕೊಳ್ಳುತ್ತ, ಓಬಳಪ್ಪನ ಪುಟಗಳು ಮುಗಿದ ಮೇಲೆ ಮೂರು ತಾಳೆಯೂ ಪೂರ್ತಿಯಾಗಿ ಆದದ್ದು ಇದೊಂದೇ ಸಲ ಎಂದರು.

"ತೇಲಿಹೋಗೋರಿಗೆ ನೀರು ಯಾವತ್ತೂ ಏರಲ್ಲ ಮೇಷ್ಟ್ರೇ," ಎಂದು ದ್ಯಾವಮ್ಮ ಕೋಲು ಒರೆಸಿಕೊಂಡಳು.